ಆರು ಅಂಕ ಕಳೆದರೆ ಸರಿಹೋಯಿತೇ?



2022ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ಮುಂದೆ ಒಂದು ಕಳೆಯುವ ಲೆಕ್ಕ ಬಂದಿತ್ತು. ನಿಮ್ಮಲ್ಲಿ ಕೆಲವರ ಮನೆಯ ಮಕ್ಕಳೇ ಅದರಲ್ಲಿ ಸಿಕ್ಕಿಕೊಂಡಿರಬಹುದು. ಅದರ ಹಿಂದಿನ ವರ್ಷ, ಅಂದರೆ 2021ರಲ್ಲಿ, ಕೊರೋನಾ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಶೇಕಡಾ 45, ಮೊದಲ ಪಿಯುಸಿಯಿಂದ 45, ದ್ವಿತೀಯದ ಆಂತರಿಕ ಮೌಲ್ಯಮಾಪನದಿಂದ 10 ಎಂದು ಕೂಡಿಸಿ ಎಲ್ಲರಿಗೂ ಅಂಕಪಟ್ಟಿ ಕೊಟ್ಟರು. ಎಲ್ಲರೂ ಪಾಸು. 2,239 ಮಂದಿಗೆ 600ಕ್ಕೆ 600. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ವಿದ್ಯಾರ್ಥಿಗಳು ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯನ್ನು ಮತ್ತೆ ಬರೆದಾಗ ಪರೀಕ್ಷಾ ಪ್ರಾಧಿಕಾರ, ನಿಮ್ಮ ಪಿಯು ಅಂಕ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಿಇಟಿ ಅಂಕದ ಮೇಲೆಯೇ ನಿಮ್ಮ ರ್‍ಯಾಂಕು ಎಂದಿತು. ಹಾಗಾದರೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ ಎನ್ನುವ ಇಷ್ಟು ದಿನದ 50:50 ನಿಯಮ ಎಲ್ಲಿ ಹೋಯಿತು ಎಂದು ಅವರು ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠ ಅವರ ಪರವಾಗಿ ಹೇಳಿತು, ಸರ್ಕಾರ ಮೇಲ್ಮನವಿ ಹಾಕಿತು, ಒಂದು ಸಮಿತಿ ಕೂತಿತು. ಆ ತಿಂಗಳ ಕೊನೆಗೆ ಬಂದ ಪರಿಹಾರ ಇದು: 2021ರವರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ವಿಷಯಕ್ಕೆ ಸರಾಸರಿ ಆರರಷ್ಟು ಕಳೆದುಬಿಡುವುದು. ವಿಭಾಗೀಯ ಪೀಠ ಒಪ್ಪಿತು. ಹೊಸ ರ್‍ಯಾಂಕು ಪಟ್ಟಿ ಹೊರಬಿತ್ತು.

ಕೋರ್ಟಿನ ತೀರ್ಪಿನ ಸರಿತಪ್ಪು ಹೇಳುವುದು ನನ್ನ ಕೆಲಸವಲ್ಲ. ಕಾಲೇಜುಗಳು ಬಾಗಿಲು ತೆರೆದು ಕಾಯುತ್ತಿದ್ದ ಹೊತ್ತಿನಲ್ಲಿ ಬೇರೆ ಏನು ಮಾಡಲು ಬರುತ್ತಿತ್ತೋ ಅದೂ ಪ್ರಶ್ನೆಯೇ. ಆದರೆ ಆ ಕಳೆಯುವ ಲೆಕ್ಕಕ್ಕೆ ಶೈಕ್ಷಣಿಕ ಮಾಪನಶಾಸ್ತ್ರದಲ್ಲಿ ಒಂದು ಸ್ಥಾನವಿದೆ. ಅದನ್ನು ಸರಾಸರಿ ಸಮೀಕರಣ ಎನ್ನುತ್ತಾರೆ. ಎರಡು ಪತ್ರಿಕೆಗಳ ಅಂಕಗಳನ್ನು ಒಂದೇ ಮಟ್ಟಕ್ಕೆ ತರುವ ವಿಧಾನಗಳಲ್ಲಿ ಅತಿ ಸರಳವಾದದ್ದು, ಅತಿ ಒರಟಾದದ್ದೂ ಅದೇ.

ಯಾಕೆ ಒರಟು ಎಂದು ನೋಡಲು ಒಂದು ಚೀಟಿ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಒಂದು ವರ್ಷದ ಪತ್ರಿಕೆಯ ಸರಾಸರಿ 60, ಮಾನಕ ವಿಚಲನೆ 10 ಅಂದುಕೊಳ್ಳೋಣ. ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎನ್ನುವುದರ ಅಳತೆ. ಇನ್ನೊಂದು ವರ್ಷದ ಸರಾಸರಿ 54, ಮಾನಕ ವಿಚಲನೆ 15. ಮೊದಲ ಪತ್ರಿಕೆಯಲ್ಲಿ 80 ತೆಗೆದ ಹುಡುಗಿಯ ಅಂಕ ಎರಡನೆಯ ಪತ್ರಿಕೆಯ ಲೆಕ್ಕದಲ್ಲಿ ಎಷ್ಟು? ಆರು ಕಳೆದರೆ 74. ಆದರೆ ಆಕೆ ತನ್ನ ಸರಾಸರಿಗಿಂತ 20 ಮೇಲಿದ್ದಾಳೆ, ಅಂದರೆ ಎರಡು ಮಾನಕ ವಿಚಲನೆಯಷ್ಟು. ಎರಡನೆಯ ಪತ್ರಿಕೆಯಲ್ಲಿ ಎರಡು ವಿಚಲನೆ ಎಂದರೆ 30. 54ಕ್ಕೆ 30 ಕೂಡಿಸಿದರೆ 84! ಕಳೆಯಬೇಕಾದ ಕಡೆ ಕೂಡಿಸಬೇಕಾಯಿತು. ಅದೇ ಮೊದಲ ಪತ್ರಿಕೆಯಲ್ಲಿ 50 ತೆಗೆದ ಹುಡುಗನಿಗೆ ಆರು ಕಳೆದು 44 ಕೊಡುತ್ತೇವೆ. ಚದುರುವಿಕೆಯನ್ನು ಲೆಕ್ಕಕ್ಕೆ ತಂದರೆ ಅವನಿಗೆ ಸಲ್ಲುವುದು 39. ಇದು ರೇಖೀಯ ಸಮೀಕರಣ. ಎಲ್ಲರಿಂದಲೂ ಒಂದೇ ಸಮ ಕಳೆದಾಗ ಮೇಲಿನವರಿಗೆ ಒಂದು ಬಗೆ, ಕೆಳಗಿನವರಿಗೆ ಇನ್ನೊಂದು ಬಗೆ ಅನ್ಯಾಯವಾಗುತ್ತದೆ. ಸರಾಸರಿಯಲ್ಲಿ ಮಾತ್ರ ನ್ಯಾಯ. ಸರಾಸರಿ ಸೀಟು ಕೇಳಿಕೊಂಡು ಕೌನ್ಸೆಲಿಂಗಿಗೆ ಬರುವುದಿಲ್ಲ.

ಇನ್ನೂ ನಯವಾದ ದಾರಿಯೆಂದರೆ ಸ್ಥಾನ ನೋಡುವುದು. ಆ ಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತು ಜನರನ್ನು ಹಿಂದಿಟ್ಟ ಅಂಕ ಯಾವುದು, ಈ ಪತ್ರಿಕೆಯಲ್ಲಿ ತೊಂಬತ್ತು ಜನರನ್ನು ಹಿಂದಿಟ್ಟ ಅಂಕ ಯಾವುದು, ಅವೆರಡೂ ಸಮ ಎನ್ನುವುದು. 2019ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಹಲವು ಪಾಳಿಗಳಲ್ಲಿ ನಡೆಸಿ ಪರ್ಸೆಂಟೈಲ್ ಕೊಡುತ್ತಿರುವುದು ಇದೇ ವಿಚಾರದ ಮೇಲೆ. ಅದು ನಿಲ್ಲುವುದು ಒಂದು ನಂಬಿಕೆಯ ಮೇಲೆ: ಬೆಳಗಿನ ಪಾಳಿಗೆ ಬಂದವರೂ ಮಧ್ಯಾಹ್ನದ ಪಾಳಿಗೆ ಬಂದವರೂ ಒಟ್ಟಾರೆ ಒಂದೇ ತೂಕದವರು. ಲಕ್ಷಗಟ್ಟಲೆ ಜನರನ್ನು ಯಾದೃಚ್ಛಿಕವಾಗಿ ಹಂಚಿದಾಗ ಆ ನಂಬಿಕೆ ಹೆಚ್ಚುಕಡಿಮೆ ಸರಿ.

ನಮ್ಮ ಎಸ್ಸೆಸ್ಸೆಲ್ಸಿಗೆ ಅದು ಒಗ್ಗುವುದಿಲ್ಲ. 2024ರಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ವರ್ಷಕ್ಕೆ ಮೂರು ಅವಕಾಶ ಬಂತು, ಅದರಲ್ಲಿ ಯಾವುದು ಹೆಚ್ಚೋ ಆ ಅಂಕ ಉಳಿಸಿಕೊಳ್ಳಬಹುದು ಎಂದರು. ಮಕ್ಕಳ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷೆ ಒಂದಕ್ಕೆ ಕೂರುವವರು ಇಡೀ ತರಗತಿ. ಎರಡಕ್ಕೆ ಕೂರುವವರು ಬಹುಪಾಲು ಫೇಲಾದವರು, ಜೊತೆಗೆ ಅಂಕ ಸಾಲದು ಎಂದು ಬಂದ ಕೆಲವರು. ಎರಡನೆಯದರ ಸರಾಸರಿ ಕಡಿಮೆ ಬಂದರೆ ಪತ್ರಿಕೆ ಕಷ್ಟವಿತ್ತೋ, ಬರೆದವರು ಹಿಂದಿದ್ದರೋ? ಅಂಕಪಟ್ಟಿಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ.

ಇದಕ್ಕೆ ಮಾಪನಶಾಸ್ತ್ರಜ್ಞರು ಕಂಡುಕೊಂಡ ಉಪಾಯ, ಎರಡೂ ಪತ್ರಿಕೆಯಲ್ಲಿ ಕೆಲವು ಪ್ರಶ್ನೆಗಳನ್ನು ಒಂದೇ ಇಡುವುದು. ಕೊಂಡಿ ಪ್ರಶ್ನೆಗಳು ಎನ್ನೋಣ. 80 ಅಂಕದ ಪತ್ರಿಕೆ, ಹತ್ತು ಕೊಂಡಿ ಪ್ರಶ್ನೆ ಎಂದಿಟ್ಟುಕೊಳ್ಳಿ. ಮೊದಲ ಗುಂಪು ಆ ಹತ್ತರಲ್ಲಿ ಸರಾಸರಿ 7 ಸರಿ ಮಾಡಿತು, ಎರಡನೆಯ ಗುಂಪು 5. ಇಡೀ ಪತ್ರಿಕೆಯ ಸರಾಸರಿ ಮೊದಲನೆಯದು 48, ಎರಡನೆಯದು 40. ಹತ್ತರಲ್ಲಿ ಎರಡು ಹಿಂದೆ ಎಂದರೆ ಎಂಬತ್ತರಲ್ಲಿ ಹದಿನಾರು ಹಿಂದೆ. ಪತ್ರಿಕೆಗಳು ಸಮವಾಗಿದ್ದರೆ ಎರಡನೆಯ ಗುಂಪು 32ಕ್ಕೆ ಇಳಿಯಬೇಕಿತ್ತು. ಅದು 40ರಲ್ಲಿ ನಿಂತಿದೆ. ಸರಾಸರಿ ಕಡಿಮೆ ಬಂದರೂ ಎರಡನೆಯ ಪತ್ರಿಕೆಯೇ ಸುಲಭವಿತ್ತು, ಸುಮಾರು ಎಂಟು ಅಂಕದಷ್ಟು! ನಾನು ಹೇಳಿದ್ದು ರೇಡಿಯೋಗೆ ತಕ್ಕ ಲೆಕ್ಕ. ಟಕರ್, ಲೆವಿನ್ ಎಂಬವರ ಹೆಸರಿನ ಸೂತ್ರಗಳು ಇದನ್ನೇ ಇನ್ನಷ್ಟು ಎಚ್ಚರದಿಂದ ಮಾಡುತ್ತವೆ. ಡೆನ್ಮಾರ್ಕಿನ ಜಾರ್ಜ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿ ಇನ್ನೂ ಮುಂದೆ ಹೋಗಿ ಪ್ರಶ್ನೆಯ ಕಷ್ಟವನ್ನೂ ಮಗುವಿನ ಸಾಮರ್ಥ್ಯವನ್ನೂ ಒಂದೇ ಅಳತೆಪಟ್ಟಿಯ ಮೇಲೆ ಗುರುತಿಸುತ್ತದೆ.

ತೊಡಕು ಎಲ್ಲಿದೆ ಎಂದರೆ, ನಮ್ಮಲ್ಲಿ ಪರೀಕ್ಷೆ ಮುಗಿದ ಅರ್ಧ ಗಂಟೆಯಲ್ಲಿ ಪ್ರಶ್ನೆಪತ್ರಿಕೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿರುತ್ತದೆ, ಸಂಜೆಯೊಳಗೆ ಮಾದರಿ ಉತ್ತರ ಸಮೇತ ಎಲ್ಲರ ಫೋನಿನಲ್ಲಿರುತ್ತದೆ. ಅದೇ ಪ್ರಶ್ನೆಯನ್ನು ಎರಡನೆಯ ಪರೀಕ್ಷೆಗೆ ಇಟ್ಟರೆ ಅದು ಕೊಂಡಿಯಲ್ಲ, ಉಡುಗೊರೆ. ಪತ್ರಿಕೆ ಬಹಿರಂಗವಾಗಬೇಕಾದದ್ದೂ ನ್ಯಾಯವೇ. ಆದ್ದರಿಂದ ಬೇರೆ ದಾರಿ ಹಿಡಿಯಬೇಕಾಗುತ್ತದೆ: ಎರಡೂ ಪತ್ರಿಕೆಯ ಪ್ರಶ್ನೆಗಳನ್ನು ಮೊದಲೇ ಬೇರೆ ಕಡೆಯ ಒಂದಿಷ್ಟು ಮಕ್ಕಳ ಮೇಲೆ ಗುಟ್ಟಾಗಿ ಪ್ರಯೋಗಿಸಿ ನೋಡುವುದು, ಇಲ್ಲವೇ ಅಂಕಕ್ಕೆ ಸೇರದ ಒಂದು ಸಣ್ಣ ಪ್ರತ್ಯೇಕ ಪರೀಕ್ಷೆಯನ್ನು ಆಯ್ದ ಕೆಲವು ಶಾಲೆಗಳಲ್ಲಿ ನಡೆಸುವುದು. ದುಡ್ಡು ಬೇಕು, ಅದಕ್ಕಿಂತ ಹೆಚ್ಚಾಗಿ ಬಾಯಿ ಬಿಗಿ ಹಿಡಿಯುವ ಜನ ಬೇಕು. ರಾಷ್ಟ್ರೀಯ ಸಾಧನಾ ಸಮೀಕ್ಷೆಯಂಥ ಕಡೆ ಪ್ರಶ್ನೆಗಳನ್ನು ಕಾಪಾಡಿಕೊಳ್ಳುತ್ತಾರೆ. ಅಲ್ಲೂ 2021ರಲ್ಲಿ 3, 5, 8, 10ನೇ ತರಗತಿ ನೋಡಿ, 2024ರಲ್ಲಿ ಪರಖ್ ಹೆಸರಿನಲ್ಲಿ ನಡೆಸಿದಾಗ 3, 6, 9 ಎಂದು ಬದಲಿಸಿಬಿಟ್ಟರು. ಅಳೆಯುವವರಿಗೆ ಅಳೆಯುವ ಜಾಗ ಬದಲಿಸುವ ಚಪಲ ಯಾಕೋ ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿ ವರ್ಷ ಫಲಿತಾಂಶ ಬಂದಾಗಿನ ಪತ್ರಿಕೆಗಳ ಮುಖಪುಟ ನೆನಪು ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89, 2024ರಲ್ಲಿ ಮೊದಲ ಪರೀಕ್ಷೆಗೆ 73.40, 2025ರಲ್ಲಿ 66.14. ಓದು ಹಾಳಾಯಿತು, ಮೇಷ್ಟ್ರು ಕೆಟ್ಟರು, ಮೊಬೈಲು ಕೆಡಿಸಿತು ಎಂದು ರಾಮನಗರದ ಹೋಟೆಲುಗಳಲ್ಲಿ ಕಾಫಿ ಆರುವವರೆಗೂ ಮಾತು. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಫಲಿತಾಂಶ ಕುಸಿಯುತ್ತದೆಂದು ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದರು. 2025ರಲ್ಲಿ ಆ ಕೃಪೆ ಹೋಯಿತು. ಆ ವರ್ಷದ ಅಕ್ಟೋಬರಿನಲ್ಲಿ ತೇರ್ಗಡೆಯ ಗೆರೆಯನ್ನೇ 33ಕ್ಕೆ ಇಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಇನ್ನೂ ಹಿಂದೆ ಹೋದರೆ 2021ರಲ್ಲಿ ಎರಡೇ ದಿನ, ಬರೀ ಬಹು ಆಯ್ಕೆಯ ಪ್ರಶ್ನೆ, ಬಹುತೇಕ ಎಲ್ಲರೂ ಪಾಸು. ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಗೆರೆ ಎಳೆದರೆ ಆ ಗೆರೆ ನಿಯಮಗಳ ಚರಿತ್ರೆಯೇ ಹೊರತು ಮಕ್ಕಳ ಕಲಿಕೆಯ ಚರಿತ್ರೆಯಲ್ಲ. ಒಂದೇ ವರ್ಷದಲ್ಲಿ ಕನಕಪುರವನ್ನು ಮಾಗಡಿಯ ಜೊತೆ ಹೋಲಿಸಿ, ಅಡ್ಡಿಯಿಲ್ಲ, ಪತ್ರಿಕೆ ಒಂದೇ. ಕನಕಪುರದ ಈ ವರ್ಷವನ್ನು ಕನಕಪುರದ ಹೋದ ವರ್ಷದ ಜೊತೆ ಹೋಲಿಸಲು ಮಾತ್ರ ಸದ್ಯಕ್ಕೆ ನಮ್ಮ ಕೈಯಲ್ಲಿ ಯಾವ ಆಧಾರವೂ ಇಲ್ಲ.

ಸಮೀಕರಣಕ್ಕೆ ಕೂರುವ ಮುಂಚೆ ಇನ್ನೊಂದು ಕೆಲಸವಿದೆ. ಒಂದೊಂದು ಪತ್ರಿಕೆಯೂ ತನ್ನಷ್ಟಕ್ಕೆ ಎಷ್ಟು ನಂಬಿಕಸ್ಥ? ಇಲ್ಲಿ ಆಕಾಶವಾಣಿಯ ಮೈಕಿನ ಮುಂದೆ ಕೂತು ಒಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಶುರು ಮಾಡಿದ ಡಾ. ಎಂ. ವಿ. ಗೋಪಾಲಸ್ವಾಮಿ ವೃತ್ತಿಯಿಂದ ಮನಶ್ಶಾಸ್ತ್ರಜ್ಞರು. 1924ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗ ಕಟ್ಟಿದವರು. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಪರೀಕ್ಷೆಯ ಅಂಕದಲ್ಲಿ ಒಂದು ಪಾಲು ನಿಜ, ಒಂದು ಪಾಲು ತಪ್ಪು, ಆ ಎರಡನ್ನೂ ಲೆಕ್ಕದಿಂದ ಬೇರ್ಪಡಿಸಬಹುದು ಎಂದು 1904ರಲ್ಲಿ ತೋರಿಸಿದವರು ಅದೇ ಸ್ಪಿಯರ್‌ಮನ್. ಕನ್ನಡನಾಡಿಗೆ ಬಾನುಲಿಯೂ ಈ ಮಾಪನವಿದ್ಯೆಯೂ ಒಬ್ಬರ ಕೈಯಿಂದಲೇ ಬಂದವು ಎಂದರೆ ಅತಿಶಯವಲ್ಲ. ಅತ್ತ ಧಾರವಾಡದ ಕಡೆ ವಿ. ವಿ. ಕಾಮತ್ ಅವರು ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1940ರಲ್ಲಿ ಪುಸ್ತಕ ಮಾಡಿದರು. ಬರಿಯ ಅನುವಾದಕ್ಕೆ ನಿಲ್ಲದೆ ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ ಯಾವ ವಯಸ್ಸಿಗೆ ಯಾವ ಪ್ರಶ್ನೆ ಸಲ್ಲುತ್ತದೆ ಎಂದು ಹೊಸದಾಗಿ ಗೊತ್ತುಮಾಡಿದರು. ಅಂಥ ಎಚ್ಚರ ಆಗಲೇ ಇತ್ತು.

ಸ್ಪಿಯರ್‌ಮನ್ ದಾರಿಯ ಒಂದು ಲೆಕ್ಕ ಹೀಗೆ. ಪತ್ರಿಕೆಯ ಬೆಸ ಸಂಖ್ಯೆಯ ಪ್ರಶ್ನೆಗಳ ಅಂಕ ಒಂದು ಕಡೆ, ಸಮ ಸಂಖ್ಯೆಯವು ಒಂದು ಕಡೆ ಕೂಡಿಸಿ. ಎರಡರ ನಡುವಿನ ಸಹಸಂಬಂಧ 0.6 ಬಂತು ಅನ್ನಿ. ಅದನ್ನು ಎರಡರಿಂದ ಗುಣಿಸಿ, ಒಂದು ಕೂಡಿಸು 0.6ರಿಂದ ಭಾಗಿಸಿದರೆ 0.75, ಅದು ಇಡೀ ಪತ್ರಿಕೆಯ ವಿಶ್ವಸನೀಯತೆ. ಇದರಿಂದ ಒಂದು ಮಗುವಿನ ಅಂಕ ಎಷ್ಟು ಅಲ್ಲಾಡಬಹುದು ಎನ್ನುವುದೂ ಸಿಗುತ್ತದೆ. 80ರ ಪತ್ರಿಕೆಯ ಮಾನಕ ವಿಚಲನೆ 15, ವಿಶ್ವಸನೀಯತೆ 0.84 ಇದ್ದರೆ ಅಂಕದ ಅಲ್ಲಾಟ ಎರಡೂ ಕಡೆಗೆ ಆರು. ವಿಶ್ವಸನೀಯತೆ 0.84 ಎಂದರೆ ಕೆಟ್ಟ ಪತ್ರಿಕೆಯಲ್ಲ, ಒಳ್ಳೆಯದೇ. ಆದರೂ ತೇರ್ಗಡೆಯ ಗೆರೆ ಶೇಕಡಾ 35 ಇದ್ದಾಗ ಅಲ್ಲಿ 28 ತೆಗೆದು ಅಂಚಿನಲ್ಲಿ ಪಾಸಾದ ಮಗುವಿನ ನಿಜವಾದ ಮಟ್ಟ 22ರಿಂದ 34ರ ಮಧ್ಯೆ ಎಲ್ಲಾದರೂ ಇರಬಹುದು. 27 ತೆಗೆದು ಫೇಲಾದವನದೂ ಸರಿಸುಮಾರು ಅಷ್ಟೇ. ಆ ಇಬ್ಬರ ನಡುವೆ ನಾವು ಪಾಸು-ಫೇಲಿನ ಗೋಡೆ ಕಟ್ಟುತ್ತಿದ್ದೆವು. ಮತ್ತೆ ಬರೆಯುವ ಅವಕಾಶ ಇರುವುದರಿಂದ ಅದು ತಿಂಗಳುಗಳ ಗೋಡೆ, ಅಷ್ಟು ಸಮಾಧಾನ.

ನಂಬಿಕಸ್ಥವಾಗಿದ್ದರೆ ಸಾಕೇ? ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿ ಗ್ರಾಮು ತಪ್ಪದೆ ತೂಗುತ್ತದೆ, ಹತ್ತು ಸಲ ಇಟ್ಟರೂ ಅದೇ ತೂಕ. ಆದರೂ ನೂಲು ತೆಗೆಯುವ ರೀಲರು ತಕ್ಕಡಿ ನೋಡಿ ಬೆಲೆ ಕಟ್ಟುವುದಿಲ್ಲ. ಜಾಲರಿಯಿಂದ ಒಂದು ಹಿಡಿ ಗೂಡು ಎತ್ತುತ್ತಾನೆ, ಒತ್ತಿ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ತೇವ ಇದೆಯೇ, ಡಬಲ್ ಗೂಡು ಎಷ್ಟು, ತೆಳ್ಳನೆ ಗೂಡು ಎಷ್ಟು ಎಂದು ಕೆದಕುತ್ತಾನೆ. ಅವನಿಗೆ ಬೇಕಾದದ್ದು ಗೂಡಿನ ತೂಕವಲ್ಲ, ಅದರಿಂದ ಇಳಿಯುವ ನೂಲು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಗುತ್ತದೆ ಎನ್ನುವ ರೆಂಡಿಟ್ಟ. ತಕ್ಕಡಿಯದು ವಿಶ್ವಸನೀಯತೆ. ತೂಕ ನೂಲಿನ ಬಗ್ಗೆ ಏನು ಹೇಳುತ್ತದೆ ಎನ್ನುವುದು ಸಪ್ರಮಾಣತೆ. ಪರೀಕ್ಷೆಯಲ್ಲೂ ಅಷ್ಟೇ: ಗಣಿತದ ಪತ್ರಿಕೆ ಪ್ರತಿ ಸಲ ಒಂದೇ ಫಲ ಕೊಡಬಹುದು, ಆದರೆ ಅದು ಅಳೆಯುತ್ತಿರುವುದು ಗಣಿತವನ್ನೋ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನೋ, ಗೈಡಿನ ಬಾಯಿಪಾಠವನ್ನೋ?

ಈ ಪ್ರಶ್ನೆ ನಮ್ಮ ಸೀಮೆಗೆ ಬಹಳ ಹತ್ತಿರದ್ದು. ರಾಮನಗರ, ಚನ್ನಪಟ್ಟಣಗಳಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ. ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಪಕ್ಕಪಕ್ಕದ ಬೀದಿಯಲ್ಲಿವೆ. ಒಂದೇ ಲೆಕ್ಕ ಮೂರು ಭಾಷೆಯಲ್ಲಿ ಅಚ್ಚಾಗುತ್ತದೆ. ಉರ್ದು ಮಾಧ್ಯಮದವರು ಒಂದು ಪ್ರಶ್ನೆಯಲ್ಲಿ ಹಿಂದೆ ಬಿದ್ದರು ಎಂದ ಮಾತ್ರಕ್ಕೆ ಪ್ರಶ್ನೆ ತಪ್ಪು ಎನ್ನಲಾಗದು, ಮಕ್ಕಳೇ ಹಿಂದೆ ಎನ್ನಲೂ ಆಗದು. ಆದ್ದರಿಂದ ಒಟ್ಟು ಅಂಕ ಸಮವಿರುವ ಮಕ್ಕಳನ್ನಷ್ಟೇ ಎದುರುಬದುರು ಇಡುತ್ತಾರೆ. 40ರಿಂದ 45ರ ನಡುವೆ ಒಟ್ಟು ಅಂಕ ಬಂದ ಕನ್ನಡ ಮಾಧ್ಯಮದ ನೂರು ಮಕ್ಕಳಲ್ಲಿ 60 ಮಂದಿ ಹನ್ನೆರಡನೆಯ ಪ್ರಶ್ನೆ ಸರಿ ಮಾಡಿದ್ದಾರೆ, ಅದೇ ಒಟ್ಟು ಅಂಕದ ಉರ್ದು ಮಾಧ್ಯಮದ ನೂರರಲ್ಲಿ 35 ಮಂದಿ ಅನ್ನಿ. ಬೇರೆ ಅಂಕದ ಗುಂಪುಗಳಲ್ಲೂ ಹೀಗೇ ಬಂದರೆ ದೋಷ ಹನ್ನೆರಡನೆಯ ಪ್ರಶ್ನೆಯದು ಎಂಬ ಅನುಮಾನ ಗಟ್ಟಿಯಾಗುತ್ತದೆ. ಬಹುಶಃ ಅನುವಾದದಲ್ಲಿ ಏನೋ ಆಗಿದೆ. ಮ್ಯಾಂಟೆಲ್ ಮತ್ತು ಹೆನ್ಸೆಲ್ ಎಂಬಿಬ್ಬರು 1959ರಲ್ಲಿ ರೋಗಗಳ ಅಧ್ಯಯನಕ್ಕೆಂದು ರೂಪಿಸಿದ ಲೆಕ್ಕವನ್ನು 1988ರಲ್ಲಿ ಹಾಲೆಂಡ್, ಥೇಯರ್ ಎಂಬವರು ಪರೀಕ್ಷೆಗಳಿಗೆ ಒಗ್ಗಿಸಿದರು. ಈಗ ಜಗತ್ತಿನ ದೊಡ್ಡ ಪರೀಕ್ಷೆಗಳಲ್ಲಿ ಇದು ದಿನನಿತ್ಯದ ಕೆಲಸ. ಇದನ್ನೇ ಊರು-ಹಳ್ಳಿಗೂ ಹಚ್ಚಬಹುದು. ಮೆಟ್ರೋ ಕಾರ್ಡಿನ ರಿಯಾಯಿತಿಯ ಮೇಲೆ ಲೆಕ್ಕ ಕೊಟ್ಟರೆ ಬೆಂಗಳೂರಿನ ಹುಡುಗ ನೇರ ಶೇಕಡಾವಾರಿಗೆ ಹೋಗುತ್ತಾನೆ, ಕೋಡಿಹಳ್ಳಿಯ ಹುಡುಗಿ ಮೊದಲು ಕಾರ್ಡು ಏನೆಂದು ಯೋಚಿಸುತ್ತಾಳೆ. ಶೇಕಡಾವಾರು ಇಬ್ಬರಿಗೂ ಬರುತ್ತದೆ.

ಇದೆಲ್ಲ ಮಂಡಳಿಯವರು ಮಾಡಬೇಕಾದ್ದು, ನಾವೇನು ಮಾಡುವುದು ಎಂದು ಕೇಳುತ್ತಿರುವ ಮೇಷ್ಟ್ರಿಗೆ, ಮೇಡಮ್ಮಿಗೆ ಒಂದು ಕೆಲಸ ಹೇಳುತ್ತೇನೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಕೂತು ಮಾಡುವಂಥದ್ದು. ಅರ್ಧವಾರ್ಷಿಕ ಪರೀಕ್ಷೆಯ 40 ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಿ. ಮೇಲಿನ 11, ಕೆಳಗಿನ 11 ಬೇರೆ ಮಾಡಿ, ನಡುವಿನವು ಪಕ್ಕಕ್ಕಿರಲಿ. ಶೇಕಡಾ 27ರ ಲೆಕ್ಕ ಇದು. 1939ರಲ್ಲಿ ಟ್ರೂಮನ್ ಕೆಲಿ ಅದಕ್ಕೆ ಸಮರ್ಥನೆ ಕೊಟ್ಟಿದ್ದಾರೆ. ಈಗ ಏಳನೆಯ ಪ್ರಶ್ನೆ ತೆಗೆದುಕೊಳ್ಳಿ. ಮೇಲಿನ 11ರಲ್ಲಿ 10 ಮಂದಿ ಸರಿ, ಕೆಳಗಿನ 11ರಲ್ಲಿ 3 ಮಂದಿ. ವ್ಯತ್ಯಾಸ 7, ಅದನ್ನು 11ರಿಂದ ಭಾಗಿಸಿದರೆ 0.64. ಓದಿದವರನ್ನು ಓದದವರಿಂದ ಬೇರೆ ಮಾಡುವ ಒಳ್ಳೆಯ ಪ್ರಶ್ನೆ. ಒಂಬತ್ತನೆಯದರಲ್ಲಿ ಮೇಲಿನವರು 4, ಕೆಳಗಿನವರು 6 ಎಂದು ಬಂತೇ? ಆಗ ಮಕ್ಕಳನ್ನು ಬೈಯಬೇಡಿ, ಪ್ರಶ್ನೆ ಓದಿ. ಹಲವು ಸಲ ಕೀ ಉತ್ತರ ತಪ್ಪಿರುತ್ತದೆ, ಇಲ್ಲವೇ ಪ್ರಶ್ನೆಗೆ ಎರಡು ಅರ್ಥವಿದ್ದು ಜಾಣರು ಎರಡನೆಯ ಅರ್ಥಕ್ಕೆ ಹೋಗಿರುತ್ತಾರೆ. ನೀಲನಕ್ಷೆ ಹಾಕಿ ಪತ್ರಿಕೆ ಮಾಡುವುದನ್ನು ಬಿಎಡ್‌ನಲ್ಲಿ ಎಲ್ಲರಿಗೂ ಕಲಿಸುತ್ತಾರೆ. ಪತ್ರಿಕೆ ಮುಗಿದ ಮೇಲೆ ಅದನ್ನೇ ಪರೀಕ್ಷೆಗೆ ಒಡ್ಡುವ ಈ ಅರ್ಧ ಗಂಟೆಯ ಕೆಲಸವನ್ನೂ ಕಲಿಸುತ್ತಾರೆ, ಆಮೇಲೆ ಯಾರೂ ಕೇಳುವುದಿಲ್ಲ.

ಕೊನೆಯದಾಗಿ ಆಂತರಿಕ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದವಕ್ಕೆ 20 ಅಂಕ ಶಾಲೆಯ ಕೈಯಲ್ಲಿದೆ. ನೂರರಲ್ಲಿ ಇಪ್ಪತ್ತು, ಅಂದರೆ ಐದನೇ ಒಂದು ಪಾಲು ಭಾರ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಎರಡು ಅಂಕ ಕೂಡಿಸಿದಾಗ ಮಕ್ಕಳನ್ನು ಮೇಲೆ ಕೆಳಗೆ ಮಾಡುವುದು ಗರಿಷ್ಠ ಅಂಕವಲ್ಲ, ಚದುರುವಿಕೆ. ಲಿಖಿತ ಪತ್ರಿಕೆಯ ಮಾನಕ ವಿಚಲನೆ 15 ಇದ್ದು, ಆಂತರಿಕದಲ್ಲಿ ಎಲ್ಲರಿಗೂ 18, 19, 20 ಎಂದು ಹಂಚಿ ಅದರ ವಿಚಲನೆ ಒಂದರ ಆಸುಪಾಸಿನಲ್ಲಿದ್ದರೆ, ಮಕ್ಕಳ ಕ್ರಮದಲ್ಲಿ ಆ ಇಪ್ಪತ್ತು ಅಂಕದ ಪಾತ್ರ ಇಲ್ಲವೆನ್ನುವಷ್ಟು. ಅಂಚಿನಲ್ಲಿದ್ದವರನ್ನು ದಡ ಸೇರಿಸುವುದಷ್ಟೇ ಅದು ಮಾಡುವ ಕೆಲಸ. ಅದು ದಡ ಸೇರಿಸಲೆಂದೇ ಇದ್ದರೆ ಹಾಗೆಂದು ಹೇಳಿಬಿಡಬಹುದು. ನಿರಂತರ ಮೌಲ್ಯಮಾಪನ ಎಂದು ಹೆಸರಿಟ್ಟ ಮೇಲೆ, ವರ್ಷವಿಡೀ ಯೋಜನೆ, ಚಟುವಟಿಕೆ ಎಂದು ಮಾಡಿಸಿದ ದುಡಿಮೆ ಅಂಕದಲ್ಲಿ ಎಲ್ಲಾದರೂ ಕಾಣಬೇಕಲ್ಲ. ಈ ಸಲ ಮಂಡಳಿಗೆ ಆಂತರಿಕ ಅಂಕ ಕಳಿಸುವ ಮುನ್ನ ಶಾಲೆಯ ಗಣಿತದ ಮೇಷ್ಟ್ರು ಆ ಒಂದು ಕಾಲಮ್ಮಿನ ಮಾನಕ ವಿಚಲನೆ ಲೆಕ್ಕ ಹಾಕಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಲಿ. ಲೆಕ್ಕ ಹೇಳಿಕೊಟ್ಟು ಹತ್ತನೇ ತರಗತಿಯ ಮಕ್ಕಳಿಂದಲೇ ಮಾಡಿಸಿದರೂ ಆದೀತು, ಸಂಖ್ಯಾಶಾಸ್ತ್ರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿಲ್ಲ. ಹೆಸರುಗಳನ್ನು ಮಾತ್ರ ಮುಚ್ಚಿ ಕೊಡಿ.